ಇನ್ನೊಂದೇ ಗುಡ್ಡ: ಸಾಮೂಹಿಕ ಗಿರಿಚಾರಣದ ಪ್ರಮಾಣಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವರು ಮೊದಲು ಅನುಬಂಧ ಚತುಷ್ಟಯವನ್ನು ಹೇಳಿ ಮುಗಿಸಬೇಕೆಂಬುದು ಪೂರ್ವಿಕರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಈ ಪ್ರಬಂಧದ ವಿಷಯ, ಇಪ್ಪತ್ತು ಮೂವತ್ತು ಜನ ಒಬ್ಬರ ಹಿಂದೊಬ್ಬರಾಗಿ ಬೆಟ್ಟದ ಬೆನ್ನಿನ ಮೇಲೆ ನಡೆಯುವುದು. ಪ್ರಯೋಜನ, ವಾಟ್ಸಾಪ್ ಡಿಪಿ. ಇವೆರಡರ ಸಂಬಂಧ ನೆಟ್‌ವರ್ಕ್ ಸಿಕ್ಕ ಕಡೆ ಮಾತ್ರ ಏರ್ಪಡುವಂಥದು. ಅಧಿಕಾರಿಯ ಮಾತು ಬಂದಾಗ ಸ್ವಲ್ಪ ತೊಡಕಿದೆ. ವೇದಾಂತ ಓದುವವನಿಗೆ ವಿವೇಕ, ವೈರಾಗ್ಯ, ಶಮದಮಾದಿ ಷಟ್ಕ, ಮುಮುಕ್ಷುತ್ವ ಇಷ್ಟೂ ಬೇಕು. ಚಾರಣಕ್ಕೆ ಹೋಗುವವನಿಗೆ ಮುಂಗಡ ಕಟ್ಟಿದ ಸ್ಕ್ರೀನ್‌ಶಾಟ್ ಮತ್ತು ಶುಕ್ರವಾರ ರಾತ್ರಿ ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲಿ ನಿಂತು ಟೆಂಪೊ ಟ್ರಾವೆಲರ್, ಅಂದರೆ ಟಿಟಿ, ಹತ್ತುವ ಛಲ ಇದ್ದರೆ ಸಾಕು. ವಿವೇಕವುಳ್ಳವರು ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ಮಲಗಿರುತ್ತಾರೆ.

ಕ್ಷೇತ್ರ ವಿಚಾರ

ಅಧ್ಯಯನಕ್ಕೆ ನಾವು ಆರಿಸಿಕೊಂಡಿರುವುದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತ. ಹೆಸರಿಗೆ ತಕ್ಕಂತೆ ಅರ್ಧಚಂದ್ರಾಕಾರವಾಗಿ ಬಾಗಿ, ಒಳಗೆ ಜಾಗರ ಕಣಿವೆಯನ್ನು ತಬ್ಬಿಕೊಂಡಿರುವ ಸಾಲು ಇದು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಇದರ ನೆತ್ತಿ. ಇಡೀ ರಾಜ್ಯದ ನೆತ್ತಿಯೂ ಅದೇ. ಅಲ್ಲಿಂದ ಬಾಬಾ ಬುಡನ್‌ಗಿರಿಯ ಕಡೆಗೆ ಹುಲ್ಲು ಹೊದ್ದ ಬೆನ್ನು ಏರಿಳಿಯುತ್ತ ಸಾಗುತ್ತದೆ. ಎರಡು ಪಕ್ಕದಲ್ಲೂ ಇಳಿಜಾರು, ಇಳಿಜಾರಿನ ಮಡಿಕೆಗಳಲ್ಲಿ ಶೋಲಾ ಕಾಡು, ಅದರ ಕೆಳಗೆ ಕಾಫಿ ತೋಟ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್ನಿನ ಮೋಕಾದಿಂದ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರೆಂಬುದು ಪ್ರತೀತಿ. ಆ ಏಳು ಬೀಜದ ಮಹಿಮೆ ಏನೆಂದು ತಿಳಿಯಬೇಕಾದರೆ ಬೆಳಗಿನ ಜಾವ ಟಿಟಿಯಿಂದ ಇಳಿದು, ಇನ್ನೂ ಬಾಗಿಲು ತೆರೆಯದ ಹೋಟೆಲಿನ ಮುಂದೆ ಕೈ ಉಜ್ಜುತ್ತ ನಿಂತವರನ್ನು ಕೇಳಬೇಕು.

ಈ ಬೆನ್ನಿಗೆ ಇನ್ನೊಂದು ಘನತೆಯೂ ಇದೆ, ಮತ್ತು ನಮ್ಮ ಅಭಿಪ್ರಾಯದಲ್ಲಿ ಚಾರಣಿಗರು ಅದನ್ನು ತಕ್ಕಷ್ಟು ಗಮನಿಸಿಲ್ಲ. ಮುಳ್ಳಯ್ಯನಗಿರಿಯ ಹತ್ತಿರ ಉತ್ತರಕ್ಕೆ ಮುಖ ಮಾಡಿ ನಿಂತರೆ, ಎಡಕ್ಕೆ ಜಾಗರದ ಕಡೆ ಬಿದ್ದ ಮಳೆ ಸೋಮವಾಹಿನಿಯಾಗಿ ಭದ್ರೆಗೆ ಹೋಗುತ್ತದೆ. ಭದ್ರೆ ತುಂಗೆಯೊಡನೆ ಕೂಡಿ ಕೃಷ್ಣೆಗೆ. ಬಲಕ್ಕೆ ಚಿಕ್ಕಮಗಳೂರಿನ ಕಡೆ ಬಿದ್ದದ್ದು ಯಗಚಿಯಾಗಿ ಬೇಲೂರನ್ನು ಹಾದು ಹೇಮಾವತಿಗೆ, ಹೇಮಾವತಿ ಕಾವೇರಿಗೆ. ಇನ್ನೂ ಮುಂದೆ ಸಾಗಿದರೆ ಪೂರ್ವದ ಪಕ್ಕದಿಂದ ವೇದಾ, ಅವತಿ ಎಂಬ ಹೊಳೆಗಳು ಇಳಿದು, ವೇದಾವತಿಯಾಗಿ, 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದಲ್ಲಿ ತಂಗಿ, ಸುತ್ತಿ ಬಳಸಿ ಕಡೆಗೆ ತುಂಗಭದ್ರೆಗೇ ಬರುತ್ತವೆ. ಹೀಗಿರುವಾಗ ಮುಳ್ಳಯ್ಯನಗಿರಿಯ ಹತ್ತಿರ ಈ ಬೆನ್ನಿನ ಮೇಲೆ ನಿಂತು ಬಾಟಲಿಯ ತಳದ ನೀರನ್ನು ಚೆಲ್ಲುವುದು ಸಣ್ಣ ವಿಷಯವಲ್ಲ. ಎಡಕ್ಕೆ ಚೆಲ್ಲಿದರೆ ಅದು 1969ರಲ್ಲಿ ರಚನೆಯಾದ ಕೃಷ್ಣೆಯ ಬಚಾವತ್ ನ್ಯಾಯಮಂಡಳಿಯ ಐತೀರ್ಪಿನ ವ್ಯಾಪ್ತಿಗೂ, ಬಲಕ್ಕೆ ಚೆಲ್ಲಿದರೆ 1990ರಲ್ಲಿ ರಚನೆಯಾದ ಕಾವೇರಿ ನ್ಯಾಯಮಂಡಳಿಯ ಐತೀರ್ಪಿನ ವ್ಯಾಪ್ತಿಗೂ ಬರುತ್ತದೆ. ನಟ್ಟನಡುವೆ ನಿಂತು ಮುಖ ತೊಳೆದುಕೊಂಡವರ ನೀರು ಯಾರ ಪಾಲಿನದು ಎಂಬ ಪ್ರಶ್ನೆಯನ್ನು ಎರಡು ಐತೀರ್ಪುಗಳೂ ಮುಟ್ಟಿಲ್ಲ. ಟೀಮ್ ಲೀಡರುಗಳು ಆ ಕಾರಣಕ್ಕೆ ಮುಖ ತೊಳೆಯುವುದನ್ನು ಬೇಡವೆನ್ನುವುದಿಲ್ಲ. ಮುಂದೆ ಕುಡಿಯಲು ನೀರಿಲ್ಲ ಎಂಬ ಸಾಮಾನ್ಯ ಕಾರಣಕ್ಕೆ ಬೇಡವೆನ್ನುತ್ತಾರೆ.

ಗುಂಪಿನ ಲಕ್ಷಣ

ಲಕ್ಷಣ ಹೇಳುವಾಗ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ತಗುಲಬಾರದು. ‘ಒಂದೇ ದಾರಿಯಲ್ಲಿ ಸಾಲಾಗಿ ನಡೆಯುವ ಹಲವು ಜೀವಗಳು ಗುಂಪು’ ಎಂದರೆ ಸೀತಾಳಯ್ಯನಗಿರಿಯ ಹತ್ತಿರ ಮೇಯುವ ದನಗಳೂ ಗುಂಪಿಗೆ ಸೇರುತ್ತವೆ. ಅವು ಮುಂಗಡ ಕಟ್ಟಿಲ್ಲ. ‘ಒಂದೇ ಬಣ್ಣದ ಟೀ ಶರ್ಟ್ ತೊಟ್ಟವರು’ ಎನ್ನೋಣವೆಂದರೆ, ದೊಡ್ಡ ಅಳತೆಯವು ಸಾಲದೆ ಬಂದದ್ದರಿಂದ ಇಬ್ಬರು ತಮ್ಮ ಅಂಗಿಯಲ್ಲೇ ಇದ್ದಾರೆ, ಅವ್ಯಾಪ್ತಿ. ‘ಲೀಡರಿನ ಮಾತು ಕೇಳುವವರು’ ಎಂಬುದು ಅಸಂಭವ. ‘ಪರಸ್ಪರ ಪರಿಚಯವುಳ್ಳವರು’ ಎಂಬ ಲಕ್ಷಣವನ್ನು ಕುಮಾರ ಪರ್ವತವೇ ಮುರಿದು ಹಾಕಿತು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿಗೆ ಸಾವಿರಾರು ಜನ ಒಮ್ಮೆಗೇ ನುಗ್ಗಿ, ಏರುವ ದಾರಿ ಸಿನಿಮಾ ಟಿಕೆಟ್ಟಿನ ಸಾಲಾಯಿತು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಆ ಸಾಲಿನಲ್ಲಿ ಯಾರಿಗೆ ಯಾರೂ ಪರಿಚಯವಿರಲಿಲ್ಲ. ಆದರೂ ಎಲ್ಲರೂ ಒಂದೇ ಗುಂಪೆಂದು ನೋಡಿದ ಯಾರಾದರೂ ಹೇಳುತ್ತಿದ್ದರು.

ಇದರಿಂದ ನಿರ್ದುಷ್ಟವಾಗಿ ಉಳಿಯುವ ಲಕ್ಷಣ ಒಂದೇ: ಒಂದೇ ಪ್ರಶ್ನೆಯನ್ನು ಬೇರೆ ಬೇರೆ ತಿರುವುಗಳಲ್ಲಿ ಕೇಳುವ ಮನುಷ್ಯ ಸಮುದಾಯವೇ ಗುಂಪು. ಪ್ರಶ್ನೆ, “ಅಣ್ಣಾ, ಇನ್ನೆಷ್ಟು ದೂರ?” ಅದಕ್ಕೆ ಊರಿನ ಗೈಡು ಕೊಡುವ ಉತ್ತರ, “ಇಲ್ಲೇ ಮಾರಾಯ್ರೇ, ಇನ್ನೊಂದೇ ಗುಡ್ಡ.” ಈ ಉತ್ತರದ ಪ್ರಾಮಾಣ್ಯವನ್ನು ನಿರ್ಣಯಿಸುವುದೇ ನಮ್ಮ ಪ್ರಬಂಧದ ಹೊರೆ.

ಪೂರ್ವಪಕ್ಷ

ಪಾಶ್ಚಾತ್ಯ ಗಣಿತಜ್ಞರು ಅಡ್ಡ ಬಂದು, ದೂರಕ್ಕೆ ಗೈಡನ್ನು ಕೇಳುವುದೇಕೆ, ಸೂತ್ರವೇ ಇದೆಯಲ್ಲ ಎನ್ನುತ್ತಾರೆ. ಸೂತ್ರ ಇರುವುದು ನಿಜ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬುವರು, ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ ಎಂದು ಲೆಕ್ಕ ಕಟ್ಟಿದರು. ಆರು ಮೈಲಿ ನಡೆದು ಎರಡು ಸಾವಿರ ಅಡಿ ಏರುವವನಿಗೆ ಮೂರು ಗಂಟೆ. ನೂರು ವರ್ಷಕ್ಕೂ ಮೀರಿ ಬಾಳಿದ ಈ ನಿಯಮವನ್ನು ನಾವು ಗೌರವದಿಂದಲೇ ತಳ್ಳಿಹಾಕುತ್ತೇವೆ. ಅದರಲ್ಲಿ ಸೆಲ್ಫಿಗೆ ಅವಕಾಶವಿಲ್ಲ. ಒಬ್ಬರು ಪವರ್ ಬ್ಯಾಂಕನ್ನು ಗಾಡಿಯಲ್ಲೇ ಮರೆತು ಬಂದದ್ದಕ್ಕೆ ಅವಕಾಶವಿಲ್ಲ. ಚುರುಮುರಿಯವನು ಸೌತೆಕಾಯಿ ಹೆಚ್ಚಿ ಮುಗಿಸುವ ಹೊತ್ತಿಗಂತೂ ಇಲ್ಲವೇ ಇಲ್ಲ. ನಮ್ಮ ಸೂತ್ರ ಹೀಗೆ: ಗುಂಪಿನ ವೇಗವೆಂದರೆ ಗುಂಪಿನಲ್ಲಿ ಹೊಸ ಶೂ ಹಾಕಿಕೊಂಡವನ ವೇಗ.

ಇದಕ್ಕೆ ಉಪಸೂತ್ರವೊಂದುಂಟು, ಮತ್ತು ಅದು ತಮಾಷೆಯದಲ್ಲ. ಮುಂದೆ ಹೋದವರು ನೆರಳು ಕಂಡಲ್ಲಿ ಕುಳಿತು, ಚಕ್ಕುಲಿ ಮುರಿದು, ನೀರು ಕುಡಿದು ಹಿಂದಿನವರಿಗಾಗಿ ಕಾಯುತ್ತಾರೆ. ಕಟ್ಟಕಡೆಯವರು ಏದುಸಿರು ಬಿಡುತ್ತ ಬಂದು ಮುಟ್ಟಿದ ಕ್ಷಣದಲ್ಲಿ ಮುಂದಿನವರು ಎದ್ದು ಹಿಂಬದಿ ಕೊಡವಿ, “ಎಲ್ಲ ಬಂದ್ರಾ? ಹೊರಡೋಣ” ಎನ್ನುತ್ತಾರೆ. ಹೀಗೆ ದಣಿಯದವರಿಗೆ ಪ್ರತಿ ತಿರುವಿನಲ್ಲೂ ವಿಶ್ರಾಂತಿ. ದಣಿದವರಿಗೆ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ನಡಿಗೆ. ಸರ್ಕಾರದ ಅನೇಕ ಯೋಜನೆಗಳು ಇದೇ ತತ್ತ್ವದ ಮೇಲೆ ನಿಂತಿವೆ ಎಂದು ಅರ್ಥಶಾಸ್ತ್ರದವರು ಯಾರಾದರೂ ಹೇಳಿದರೆ ನಾವು ಅಲ್ಲಗಳೆಯುವುದಿಲ್ಲ.

ಪ್ರಮಾಣ ಪರೀಕ್ಷೆ

ನೈಯಾಯಿಕರು ಒಪ್ಪುವ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಬೆಟ್ಟದ ಬೆನ್ನಿನ ಮೇಲೆ ಒಂದೊಂದನ್ನಾಗಿ ಒರೆಗೆ ಹಚ್ಚೋಣ.

ಪ್ರತ್ಯಕ್ಷದಿಂದ ಶಿಖರ ತಿಳಿಯುವುದೆಂದರೆ, ಎದುರಿಗೆ ಕಾಣುವುದೇ ಶಿಖರವೆಂದು ಬಗೆದು ಏರುವುದು. ಏರಿದ ಮೇಲೆ ಅದರ ಹಿಂದೆ ಇನ್ನೊಂದು ಕಾಣುತ್ತದೆ, ಮೊದಲಿನದು ಬಾಧಿತವಾಗುತ್ತದೆ. ಕುಮಾರ ಪರ್ವತದ ಶೇಷ ಪರ್ವತ ಇದರ ಶ್ರೇಷ್ಠ ನಿದರ್ಶನ: ಕಲ್ಲುಮಂಟಪ ದಾಟಿ, ಬಿಸಿಲಲ್ಲಿ ಬೆಂದು, ಇದೇ ತುದಿಯೆಂದು ಅಲ್ಲಿ ಕೈ ಎತ್ತಿ ಕೂಗಿದವರು ಮತ್ತೆ ಕಾಡಿನೊಳಕ್ಕೆ ಇಳಿದು ಮತ್ತೆ ಹತ್ತಬೇಕು. ಅದ್ವೈತಿಗಳು ಹಗ್ಗದಲ್ಲಿ ಹಾವು ಕಂಡ ದೃಷ್ಟಾಂತದಿಂದ ಭ್ರಮೆಯನ್ನು ವಿವರಿಸುತ್ತಾರೆ. ಅವರ ಪೀಠವಿರುವ ಶೃಂಗೇರಿ ಚಿಕ್ಕಮಗಳೂರು ಜಿಲ್ಲೆಯಲ್ಲೇ ಇದೆ. ಆದರೆ ಮುಳ್ಳಯ್ಯನಗಿರಿಗೆ ಏರುವ ಕಾಲುದಾರಿಯ ಹೆಸರೇ ಸರ್ಪದಾರಿ. ಇಲ್ಲಿ ಹಾವು ಭ್ರಮೆಯಲ್ಲ, ಇಡೀ ದಾರಿಯೇ ಹಾವು. ಭ್ರಮೆಯಾಗಿರುವುದು ಅದರ ಬಾಲ ಇಲ್ಲಿಗೆ ಮುಗಿಯಿತು ಎಂಬುದು ಮಾತ್ರ. ಮಳೆಗಾಲದಲ್ಲಿ ಮಂಜು ಕವಿದರೆ ಪ್ರತ್ಯಕ್ಷ ಪ್ರಮಾಣದ ವ್ಯಾಪ್ತಿ ಮುಂದಿನವನ ಬ್ಯಾಗಿಗೆ ಇಳಿಯುತ್ತದೆ.

ಅನುಮಾನದ ವಿಷಯದಲ್ಲಿ ನಾವು ಶಾಸ್ತ್ರಕ್ಕೆ ಅಷ್ಟಿಷ್ಟು ಹೊಸದನ್ನು ಸೇರಿಸಬಲ್ಲೆವೆಂದು ವಿನಯದಿಂದ ನಂಬಿದ್ದೇವೆ. ತರ್ಕಶಾಸ್ತ್ರದ ಮೊದಲ ಪಾಠವೇ ಬೆಟ್ಟದ್ದು: ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಕಾಣುವುದರಿಂದ, ಅಡುಗೆಮನೆಯಲ್ಲಿ ಕಂಡಂತೆ. ಶತಮಾನಗಳ ಕಾಲ ತಾರ್ಕಿಕರು ಆ ಬೆಟ್ಟದ ಬುಡದಲ್ಲಿ ನಿಂತು ಬೆಂಕಿ ಇದೆಯೋ ಇಲ್ಲವೋ ಎಂದು ವಾದಿಸಿದರೇ ಹೊರತು ಒಬ್ಬರೂ ಹತ್ತಿ ನೋಡಿದಂತೆ ಕಾಣುವುದಿಲ್ಲ. ಅವರು ಚಾರಣಿಗರಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಾವು ಹತ್ತಿ ನೋಡಿದ್ದೇವೆ. ದೂರದಿಂದ ಹೊಗೆಯೆಂದು ಕಂಡದ್ದು ಸಾಮಾನ್ಯವಾಗಿ ಮಂಜು. ಆವಿಯನ್ನು ಹೊಗೆಯೆಂದು ತಿಳಿಯುವ ಈ ದೋಷವನ್ನು ಹಳೆಯ ಗ್ರಂಥಗಳೇ ಎಚ್ಚರಿಸಿವೆ. ಮಂಜಲ್ಲದೆ ನಿಜವಾದ ಹೊಗೆಯೇ ಆದ ಪಕ್ಷದಲ್ಲಿ ಎರಡು ಬಗೆ. ಫೆಬ್ರುವರಿ, ಮಾರ್ಚಿನಲ್ಲಾದರೆ ಒಣಹುಲ್ಲಿಗೆ ಬಿದ್ದ ಕಾಡ್ಗಿಚ್ಚು. ಆಗ ತರ್ಕ ಬಿಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡತಕ್ಕದ್ದು. ಉಳಿದ ಕಾಲದಲ್ಲಾದರೆ ಬೆಟ್ಟದಲ್ಲಿ ಮ್ಯಾಗಿ ಇದೆ, ಹೊಗೆ ಕಾಣುವುದರಿಂದ. ಈ ಅನುಮಾನ ಮುಳ್ಳಯ್ಯನಗಿರಿಯ ವಾಹನ ನಿಲ್ಲಿಸುವ ಜಾಗದ ಹತ್ತಿರ ಬಲು ಗಟ್ಟಿ.

ಉಪಮಾನಕ್ಕೆ ಶಾಸ್ತ್ರದ ಉದಾಹರಣೆ, ಹಸುವಿನ ಹಾಗಿರುವುದು ಗವಯ. ಗುಂಪಿನಲ್ಲಿ ಇದರ ಪ್ರಯೋಗ, “ಏನಿಲ್ಲಮ್ಮ, ಇದೂ ನಂದಿಬೆಟ್ಟದ ಹಾಗೇ.” ನಂದಿಬೆಟ್ಟಕ್ಕೆ ಅವರು ಹೋದದ್ದು ಬೈಕಿನಲ್ಲಿ. ಮುಂದಕ್ಕೆ ಹೋಗೋಣ.

ಉಳಿದದ್ದು ಶಬ್ದ. ಆಪ್ತನ ಮಾತು ಪ್ರಮಾಣ. ಆಪ್ತನೆಂದರೆ ವಿಷಯವನ್ನು ಬಲ್ಲವನು, ಬಲ್ಲದ್ದನ್ನು ಇದ್ದಂತೆ ಹೇಳುವವನು. ಗೈಡಿಗೆ ವಿಷಯ ಗೊತ್ತು. ಇನ್ನು ನಾಲ್ಕು ಗುಡ್ಡ ಇರುವುದೂ ಗೊತ್ತು. ಆದರೂ ‘ಇನ್ನೊಂದೇ’ ಎನ್ನುತ್ತಾನೆ. ನೈಯಾಯಿಕರ ಪ್ರಕಾರ ಇದು ಸುಳ್ಳು, ಆತ ಅನಾಪ್ತ, ಚರ್ಚೆ ಮುಗಿಯಿತು. ತಾರ್ಕಿಕರ ಜೊತೆ ಬೆಟ್ಟಕ್ಕೆ ಹೋಗಬಾರದೆನ್ನುವುದು ಇದಕ್ಕೇ.

ಸಿದ್ಧಾಂತ

ಇಲ್ಲಿ ಕೈ ಹಿಡಿಯುವವರು ಮೀಮಾಂಸಕರು. ವೇದದಲ್ಲಿ ವಿಧಿವಾಕ್ಯಗಳಿವೆ, ಅರ್ಥವಾದಗಳಿವೆ. ವಿಧಿ ‘ಇಂಥದ್ದನ್ನು ಮಾಡು’ ಎನ್ನುತ್ತದೆ. ಅರ್ಥವಾದ ಯಾವುದನ್ನೂ ಮಾಡೆನ್ನದೆ, ಮಾಡಬೇಕಾದ ಕೆಲಸವನ್ನು ಹೊಗಳಿ ಮನಸ್ಸನ್ನು ಅತ್ತ ತಿರುಗಿಸುತ್ತದೆ. ವಾಯುದೇವತೆಗೆ ಹವಿಸ್ಸು ಅರ್ಪಿಸಬೇಕೆಂಬ ವಿಧಿಯ ಪಕ್ಕದಲ್ಲೇ, ವಾಯು ಬಹು ವೇಗದ ದೇವತೆ ಎಂಬ ಮಾತು ಬರುತ್ತದೆ. ಅದು ವೇಗದ ಅಳತೆಯಲ್ಲ, ಹೊಗಳಿಕೆ. ವಿಧಿಯ ಜೊತೆ ಸೇರಿಸಿ ಓದಬೇಕು ಎಂದು ಮೀಮಾಂಸಕರ ನಿರ್ಣಯ. (ಮುಳ್ಳಯ್ಯನಗಿರಿಯ ಗುಡಿಯ ಮುಂದೆ ಜುಲೈ ತಿಂಗಳಲ್ಲಿ ಟೋಪಿ ಹಾಕಿಕೊಂಡು ನಿಂತವರು ಅದನ್ನು ಅಳತೆಯೆಂದೇ ಒಪ್ಪಿಯಾರು.)

ಈ ಬೆಳಕಿನಲ್ಲಿ ನೋಡಿದರೆ ‘ಇನ್ನೊಂದೇ ಗುಡ್ಡ’ ಎಂಬುದು ಗುಡ್ಡಗಳ ಸಂಖ್ಯೆಯನ್ನು ಕುರಿತ ವಾಕ್ಯವೇ ಅಲ್ಲ. ಅದು ಅರ್ಥವಾದ. ಅದಕ್ಕೆ ಅಂಟಿಕೊಂಡಿರುವ ವಿಧಿ ಬಾಯಿಬಿಟ್ಟು ಹೇಳದ್ದು: ಏಳು, ನಡಿ. ಹೊಗಳಿಕೆ ಸುಳ್ಳಾಗುವುದಿಲ್ಲ. ಆದ್ದರಿಂದ ಗೈಡು ಸುಳ್ಳುಗಾರನಲ್ಲ, ಅವನು ನಿಜವನ್ನೂ ಹೇಳುತ್ತಿಲ್ಲ. ಅವನು ಯಜ್ಞ ನಡೆಸುತ್ತಿದ್ದಾನೆ. ದಕ್ಷಿಣೆ ಮೊದಲೇ ನಿಗದಿಯಾಗಿದೆ.

ಗೈಡು ಇದ್ದದ್ದನ್ನು ಇದ್ದಂತೆ ಹೇಳಿದರೆ ಆಗುವ ಅನಾಹುತವೇನು ಎಂದು ಆಕ್ಷೇಪಿಸುವವರು ಇಟಲಿಯವನೊಬ್ಬನ ಪ್ರತ್ಯುದಾಹರಣೆ ತರುತ್ತಾರೆ. 1336ರಲ್ಲಿ ಕವಿ ಪೆಟ್ರಾರ್ಕ್ ತಮ್ಮನ ಜೊತೆ ಫ್ರಾನ್ಸಿನ ವೆಂಟೂ ಬೆಟ್ಟ ಹತ್ತಲು ಹೊರಟಾಗ, ದಾರಿಯಲ್ಲಿ ಸಿಕ್ಕ ಮುದಿ ಕುರುಬನೊಬ್ಬ, ತಾನು ಹರೆಯದಲ್ಲಿ ಹತ್ತಿದ್ದೆ, ಮುಳ್ಳುಕಲ್ಲಿಗೆ ಮೈ, ಬಟ್ಟೆ ಹರಿದುಕೊಂಡದ್ದು ಬಿಟ್ಟರೆ ಏನೂ ಸಿಗಲಿಲ್ಲ ಎಂದು ಕೂಗಿ ಕೂಗಿ ಹೇಳಿದನಂತೆ. ಅದನ್ನು ಕೇಳಿ ಅವರ ಹುಮ್ಮಸ್ಸು ಇನ್ನೂ ಹೆಚ್ಚಿತೆಂದು ಪೆಟ್ರಾರ್ಕ್ ಬರೆದಿದ್ದಾನೆ. ಹಾಗಾದರೆ ನಿಜವೂ ನಡೆಸುತ್ತದಲ್ಲ ಎಂದರೆ, ನಮ್ಮ ಉತ್ತರ ಹೀಗೆ. ಅಲ್ಲಿದ್ದವರು ಅಣ್ಣತಮ್ಮ ಮತ್ತು ಇಬ್ಬರು ಆಳುಗಳು. ಅಷ್ಟು ಜನಕ್ಕೆ ನಿಜವನ್ನು ಬಡಿಸಬಹುದು. ಮೂವತ್ತು ಜನಕ್ಕೆ “ಇನ್ನೂ ಮೂರು ಗಂಟೆ ಇದೆ” ಎಂದು ಬಡಿಸಿದರೆ ಎಂಟು ಜನ ಅಲ್ಲೇ ಕೂರುತ್ತಾರೆ, ನಾಲ್ವರು ಟಿಟಿ ಡ್ರೈವರಿಗೆ ಫೋನ್ ಮಾಡುತ್ತಾರೆ, ಒಬ್ಬರು ದುಡ್ಡು ವಾಪಸ್ ಕೇಳುತ್ತಾರೆ. ಅದೂ ಅಲ್ಲದೆ ಅದೇ ಪೆಟ್ರಾರ್ಕ್, ತಮ್ಮನು ಕಡಿದಾದ ಬೆನ್ನು ಹಿಡಿದು ನೇರ ಏರುತ್ತಿದ್ದಾಗ ತಾನು ಸುಲಭದ ದಾರಿ ಹುಡುಕುತ್ತ ಕಣಿವೆಗಿಳಿದು ಮತ್ತೆ ಮತ್ತೆ ಹಿಂದುಳಿದದ್ದನ್ನೂ ಬರೆದುಕೊಂಡಿದ್ದಾನೆ. ಗುಂಪಿನ ಕಡೆಯವನ ಮೊದಲ ದಾಖಲೆ ಅದಿರಬಹುದೆಂದು ನಮ್ಮ ಊಹೆ.

ಇನ್ನೊಂದು ಆಕ್ಷೇಪ: ಮೊದಲ ಗುಡ್ಡದಲ್ಲೇ ವಾಕ್ಯ ಬಾಧಿತವಾದ ಮೇಲೆ ಎರಡನೆಯ, ಮೂರನೆಯ ಸಲ ಜನ ನಂಬುವುದು ಹೇಗೆ? ಇದಕ್ಕೂ ಮೀಮಾಂಸಕರೇ ಆಸರೆ. ಜ್ಞಾನವು ಸ್ವತಃ ಪ್ರಮಾಣ, ಇನ್ನೊಂದು ಜ್ಞಾನ ಬಂದು ಸುಳ್ಳಾಗಿಸುವವರೆಗೆ ಅದನ್ನು ನಂಬಲು ಬೇರೆ ಕಾರಣ ಬೇಡ ಎಂಬುದು ಅವರ ಸ್ವತಃಪ್ರಾಮಾಣ್ಯವಾದ. ಪ್ರತಿ ಗುಡ್ಡದಲ್ಲೂ ವಾಕ್ಯ ಹೊಸದು. ಅದು ಸುಳ್ಳಾಗುವುದು ಮುಂದಿನ ಗುಡ್ಡದ ಮೇಲೆ. ಅಷ್ಟು ಹೊತ್ತಿಗೆ ನಡೆದಾಗಿರುತ್ತದೆ. ಜೀವನದಲ್ಲಿ ಯಾವ ಶಾಸ್ತ್ರವನ್ನೂ ಓದದ ಸಾಫ್ಟ್‌ವೇರ್ ಇಂಜಿನಿಯರು ಬೆಟ್ಟದ ಮೇಲೆ ಹುಟ್ಟು ಮೀಮಾಂಸಕನಾಗುವುದನ್ನು ನೋಡಿದರೆ, ನಾವಂತೂ ಸಂತೋಷದಿಂದ ಕುಳಿತುಬಿಡುತ್ತೇವೆ. ಕೂರುವುದಕ್ಕೆ ಕಾರಣ ಸಂತೋಷವೇ ಎಂದು ದಯವಿಟ್ಟು ತಿಳಿಯತಕ್ಕದ್ದು.

ರಸ ವಿಚಾರ

ಬುಡದಲ್ಲಿ ಸ್ಥಾಯಿ ಉತ್ಸಾಹ, ರಸ ವೀರ. ಸರ್ಪದಾರಿಯ ಕಮಾನಿನ ಕೆಳಗೆ ತೆಗೆಸಿಕೊಂಡ ಫೋಟೋದಲ್ಲಿ ಇದು ಸ್ಪಷ್ಟ. ಕಮಾನು ಮರೆಯಾಗುವಷ್ಟರಲ್ಲಿ ಕರುಣ. ಶೋಲಾದ ಒದ್ದೆಯಲ್ಲಿ ಕಾಲ್ಚೀಲ ಇಳಿಸಿ ನೋಡಿದಾಗ ಬೀಭತ್ಸ: ಕಾಲಿನ ಅದುರು, ಮೈಯ ಬಿಸಿ, ಉಸಿರು ಇಷ್ಟನ್ನು ಗುರುತು ಹಿಡಿದು ಬರುವ ಇಂಬಳ, ರಕ್ತ ಹೆಪ್ಪುಗಟ್ಟದಂತೆ ತನ್ನ ಜೊಲ್ಲಿನಿಂದಲೇ ಏರ್ಪಾಡು ಮಾಡಿಕೊಂಡು ಕುಳಿತಿರುತ್ತದೆ. ಉಪ್ಪು, ಸುಣ್ಣ, ಹೊಗೆಸೊಪ್ಪು ಎಂದು ಮೂರು ಸಂಪ್ರದಾಯಗಳಿವೆ, ಮೂವರೂ ತಮ್ಮದೇ ಸರಿಯೆಂದು ವಾದಿಸುವಾಗ ಇಂಬಳ ಊಟ ಮುಗಿಸಿ ತಾನೇ ಉದುರುತ್ತದೆ.

ರೌದ್ರ ಹುಟ್ಟುವುದು ತುದಿಯಲ್ಲಿ. ಇದನ್ನು ತುಸು ವಿಸ್ತರಿಸಬೇಕು, ಏಕೆಂದರೆ ಕುದುರೆಮುಖದಲ್ಲಾಗಲಿ ಕುಮಾರ ಪರ್ವತದಲ್ಲಾಗಲಿ ಸಿಗದ ವಿಭಾವ ಇಲ್ಲಿದೆ. ಮಂಡಿ ನಡುಗುತ್ತ, ಅಂಗಿ ಬೆನ್ನಿಗಂಟಿ, ಬದುಕಿನ ಅರ್ಥವನ್ನು ಹೆಚ್ಚು ಕಡಿಮೆ ಕಂಡುಕೊಂಡು ಚಾರಣಿಗ ರಾಜ್ಯದ ಅತಿ ಎತ್ತರದ ನೆಲಕ್ಕೆ ಕಾಲಿಡುತ್ತಾನೆ. ಅಲ್ಲಿ ರೇಷ್ಮೆ ಸೀರೆಯುಟ್ಟ ಅಜ್ಜಿಯೊಬ್ಬರು ಗುಡಿಯ ಕಟ್ಟೆಯ ಮೇಲೆ ಕುಳಿತು ಮೊಮ್ಮಗುವಿಗೆ ಬಾಳೆಹಣ್ಣು ತಿನ್ನಿಸುತ್ತಿರುತ್ತಾರೆ. ಶಿಖರದ ಹತ್ತಿರದವರೆಗೆ ಟಾರು ರಸ್ತೆ ಇದೆ, ಅಲ್ಲಿಂದ ಮೆಟ್ಟಿಲು. ಅಜ್ಜಿ ಹವಾಯಿ ಚಪ್ಪಲಿಯಲ್ಲಿ ಬಂದಿದ್ದಾರೆ. ಚಾರಣಿಗನ ಮುಖ, ಕೋಲು, ಕೆಸರು ಎಲ್ಲವನ್ನೂ ಮರುಕದಿಂದ ನೋಡಿ, “ಗಾಡಿ ಸಿಗ್ಲಿಲ್ವೇನಪ್ಪಾ?” ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಗ್ರಂಥ ಇನ್ನೂ ರಚನೆಯಾಗಿಲ್ಲ. ನಮ್ಮ ಪ್ರಬಂಧವೂ ಆ ಭಾಗದಲ್ಲಿ ತಲೆ ತಗ್ಗಿಸಿ ಮುಂದೆ ಹೋಗುತ್ತದೆ.

ಅದ್ಭುತಕ್ಕೆ ನೀಲಕುರಿಂಜಿ ಬೇಕು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಅದು 2022ರಲ್ಲಿ ಈ ಗುಡ್ಡಗಳನ್ನು ನೀಲಿಯಾಗಿಸಿತ್ತು. ಉಳಿದ ವರ್ಷ ಬಂದವರು “ಎಲ್ಲಿ ಹೂವು?” ಎಂದು ಗೈಡನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ, ಅವನು ಪೊದೆ ತೋರಿಸುತ್ತಾನೆ. ಶಾಂತವನ್ನು ಒಂಬತ್ತನೆಯ ರಸವಾಗಿ ಒಪ್ಪಬೇಕೇ ಬೇಡವೇ ಎಂದು ಹಿಂದಿನ ಆಲಂಕಾರಿಕರಲ್ಲಿ ದೊಡ್ಡ ಜಗಳವೇ ನಡೆದಿದೆ. ಯಾರದೋ ಬ್ಯಾಗಿನಲ್ಲಿ ಬ್ಲೂಟೂತ್ ಸ್ಪೀಕರ್ ಇರುವವರೆಗೆ ಬೇಡವೆಂದು ನಮ್ಮ ಮತ.

ಉಪಸಂಹಾರ ಕಾಲದ ಪ್ರಮಾಣಗಳು

ಇಳಿದು ಬಂದು ಟಿಟಿಯ ಹತ್ತಿರ ನಿಂತಾಗ ಭಾಟ್ಟ ಮೀಮಾಂಸಕರ ಆರನೆಯ ಪ್ರಮಾಣವಾದ ಅನುಪಲಬ್ಧಿ ಕೆಲಸಕ್ಕೆ ಬರುತ್ತದೆ: ಕಾಣಬೇಕಾದದ್ದು ಕಾಣದಿದ್ದರೆ ಅದರ ಅಭಾವ ತಿಳಿಯುತ್ತದೆ. ಲೀಡರು ತಲೆ ಎಣಿಸುತ್ತಾನೆ. ಪಟ್ಟಿಯಲ್ಲಿ ಇಪ್ಪತ್ತೆಂಟು, ಎಣಿಕೆಯಲ್ಲಿ ಇಪ್ಪತ್ತೇಳು. ಕೂಗಾಟ, ಶಿಳ್ಳೆ, ಇಬ್ಬರು ಹುಡುಕಲು ಹಿಂದಕ್ಕೆ ಓಡುತ್ತಾರೆ, ಈಗ ಎಣಿಕೆ ಇಪ್ಪತ್ತೈದು. ಹೊಳೆ ದಾಟಿದ ಹತ್ತು ಜನರಲ್ಲಿ ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸಿ, ಒಬ್ಬ ಮುಳುಗಿಹೋದನೆಂದು ಅತ್ತಾಗ, ದಾರಿಹೋಕನೊಬ್ಬ ಬಂದು ಹತ್ತನೆಯವನು ನೀನೇ ಎಂದು ತೋರಿಸಿಕೊಟ್ಟ ವೇದಾಂತದ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಆ ದಾರಿಹೋಕನ ಪಾತ್ರ ಡ್ರೈವರಿನದು. ಅವನು ಸ್ಟೀರಿಂಗ್ ಮೇಲಿಂದ ತಲೆ ಎತ್ತದೆ, “ಸಾರ್, ನಿಮ್ಮನ್ನ ಎಣಿಸಿಕೊಂಡ್ರಾ?” ಎನ್ನುತ್ತಾನೆ.

ಇನ್ನು ಐದನೆಯ ಪ್ರಮಾಣವಾದ ಅರ್ಥಾಪತ್ತಿ. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸದೆ ಗತ್ಯಂತರವಿಲ್ಲ. ಚಿಕ್ಕಮಗಳೂರಿನ ಹೋಟೆಲಿನಲ್ಲಿ ಇದನ್ನು ಪ್ರಯೋಗಿಸಿ ನೋಡಲಾಯಿತು. ಬಿಲ್ಲಿನಲ್ಲಿ ಮಸಾಲೆ ದೋಸೆ ಇಪ್ಪತ್ತೊಂಬತ್ತು. ಕುಳಿತವರು ಇಪ್ಪತ್ತೆಂಟು, ಅವರಲ್ಲಿ ಪ್ರತಿಯೊಬ್ಬರೂ ತಾವು ಒಂದೇ ತಿಂದದ್ದೆಂದು ಹೇಳುತ್ತಾರೆ. ಮಾಣಿ ತಾನು ಇಪ್ಪತ್ತೊಂಬತ್ತು ತಂದದ್ದೆಂದು ಗಣಪತಿಯ ಪಟ ತೋರಿಸಿ ಆಣೆ ಮಾಡುತ್ತಾನೆ. ತಟ್ಟೆಗಳು ಎಲ್ಲವೂ ಖಾಲಿ. ಪಟ್ಟಿಯನ್ನು ಇನ್ನೊಮ್ಮೆ ನೋಡಲಾಗಿ ನಮ್ಮ ತಂಡದಲ್ಲಿ ದೇವದತ್ತ ಎಂಬ ಹೆಸರಿನವರು ಯಾರೂ ಇರಲಿಲ್ಲವಾದ್ದರಿಂದ ಮೊತ್ತವನ್ನು ಸಮನಾಗಿ ಹಂಚಿ, ವಿಷಯವನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.